ನನ್ನ ಮಗ ನಿಂತಿದ್ದ ಮೆಟ್ಟಿಲು

2024ರ ಜುಲೈ ತಿಂಗಳು. ಮೈಸೂರಿನಲ್ಲಿ ಮಳೆ ಹಿಡಿದಿತ್ತು. ನಾಲ್ಕನೇ ತರಗತಿಗೆ ಕಾಲಿಟ್ಟಿದ್ದ ನನ್ನ ಮಗ ಕನ್ನಡ ಪಾಠಪುಸ್ತಕ ಹಿಡಿದು ನಡುಮನೆಯಲ್ಲಿ ಕುಳಿತಿದ್ದ. ನಾನು ಹುರುಳಿಕಾಯಿ ಹೆಚ್ಚುತ್ತಾ, "ಜೋರಾಗಿ ಓದು ಪುಟ್ಟಾ, ನಂಗೂ ಕೇಳಿಸ್ಲಿ" ಎಂದೆ. ಒಂದೂ ತಪ್ಪಿಲ್ಲದೆ ಓದತೊಡಗಿದ. ನನಗೋ ಖುಷಿ. ಅಷ್ಟರಲ್ಲಿ ಕಿಟಕಿಯಿಂದ ಬೀಸಿದ ಗಾಳಿಗೆ ಹಾಳೆ ಮಗುಚಿಕೊಂಡಿತು. ಆದರೆ ಅವನ ಓದು ನಿಲ್ಲಲಿಲ್ಲ! ಕಣ್ಣೆದುರು ಬೇರೆ ಪುಟ, ಬಾಯಲ್ಲಿ ಹಿಂದಿನ ಪುಟ.

ಎದ್ದು ಹೋಗಿ ಪಕ್ಕದಲ್ಲಿ ಕುಳಿತೆ. ಒಂದು ಸಾಲಿನ ನಡುವಿನ ಪದದ ಮೇಲೆ ಬೆರಳಿಟ್ಟು, "ಇದೇನು ಹೇಳು" ಎಂದೆ. ಸುಮ್ಮನಾದ. ಇನ್ನೊಂದು ಪದ ತೋರಿಸಿದೆ. ಕಣ್ಣಲ್ಲಿ ನೀರು ತುಂಬಿಕೊಂಡಿತು. ಪಾಠವನ್ನು ತರಗತಿಯಲ್ಲಿ ಬೇರೆ ಮಕ್ಕಳು ಓದುವಾಗ ಕೇಳಿಕೇಳಿಯೇ ಬಾಯಿಪಾಠ ಮಾಡಿದ್ದ. ಓದಲು ಬಾರದ್ದನ್ನು ಮುಚ್ಚಿಡಲು ನನ್ನ ಮಗ ಎಷ್ಟು ಕಷ್ಟಪಟ್ಟಿದ್ದ ಎಂಬುದು ಆ ಸಂಜೆ ನನಗೆ ತಿಳಿಯಿತು.

ಹಿಂದಿನದನ್ನು ನೆನೆದರೆ ಕಾರಣ ಕಾಣುತ್ತಿತ್ತು. ಅವನು ಒಂದನೇ ತರಗತಿಗೆ ಸೇರಿದ್ದು 2021ರಲ್ಲಿ, ಕೊರೋನಾ ಕಾಲದಲ್ಲಿ. ನಮ್ಮ ರಾಜ್ಯದಲ್ಲಿ ಪುಟ್ಟ ಮಕ್ಕಳ ತರಗತಿಗಳು ಮತ್ತೆ ತೆರೆದದ್ದು ಆ ವರ್ಷದ ಅಕ್ಟೋಬರ್ ಕೊನೆಗೆ. ಅಲ್ಲಿಯವರೆಗೆ ಅ, ಆ, ಇ, ಈ ಎಲ್ಲ ನನ್ನ ಮೊಬೈಲಿನ ಪುಟ್ಟ ಪರದೆಯಲ್ಲೇ. ನಾನು ಕಚೇರಿಗೆ ಹೋದರೆ ಮೊಬೈಲೂ ನನ್ನ ಜೊತೆಗೇ ಹೋಗುತ್ತಿತ್ತು. ಬುನಾದಿಯಲ್ಲಿ ಬಿಟ್ಟುಹೋದ ಕಲ್ಲುಗಳನ್ನು ಯಾರೂ ಮತ್ತೆ ಇಡಲಿಲ್ಲ. ಗೋಡೆ ಮಾತ್ರ ವರ್ಷವರ್ಷಕ್ಕೂ ಏರುತ್ತಾ ಹೋಯಿತು.

ನನ್ನ ತಪ್ಪು

ಮೊದಲು ಗದರಿದೆ. ಆಮೇಲೆ ಎರಡನೇ ತರಗತಿಯಲ್ಲಿದ್ದ ಅವನ ತಂಗಿಯನ್ನು ತೋರಿಸಿ, "ಅವಳು ನೋಡು ಹೇಗೆ ಓದ್ತಾಳೆ" ಎಂದೆ. ತಾಯಂದಿರು ಆಡಬಾರದ ಮಾತು ಅದು, ಆಡಿಬಿಟ್ಟೆ. ಮೂರನೆಯದಾಗಿ, ಓದು ಕಲಿಸುವ ಒಂದು ಖಾಸಗಿ ತರಬೇತಿಗೆ ಸೇರಿಸಿದೆ. ಅಲ್ಲಿ ಒಂದರಿಂದ ಐದರವರೆಗೆ ಹಂತಗಳಿದ್ದವು. ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿ, "ಒಂದೆರಡು ಲೆವೆಲ್ ಕೆಳಗಿಂದ ಶುರು ಮಾಡೋಣ್ವಾ ಮೇಡಂ?" ಎಂದು ಕೇಳಿದಳು. "ಬೇಡ ಬೇಡ, ನಾಲ್ಕನೇ ಕ್ಲಾಸಿನ ಹುಡುಗ. ನಾಲ್ಕನೇ ಲೆವೆಲ್ಲಿಗೇ ಹಾಕಿ" ಎಂದವಳು ನಾನೇ. ಕೆಳಗಿನ ಹಂತದಲ್ಲಿ ನಮ್ಮ ಬೀದಿಯ ಒಂದನೇ, ಎರಡನೇ ತರಗತಿಯ ಮಕ್ಕಳಿದ್ದರು. ಅವರ ಅಮ್ಮಂದಿರಿಗೆ ಗೊತ್ತಾದರೆ ಏನೆಂದುಕೊಳ್ಳುತ್ತಾರೋ ಎಂಬ ಚಿಂತೆ ನನಗೆ.

ಮೂರು ವಾರ ಹೋದ. ನಾಲ್ಕನೇ ವಾರದಿಂದ ಪ್ರತಿ ಸಂಜೆ ಐದಕ್ಕೆ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ, "ಹೊಟ್ಟೇಲಿ ಏನೂ ಇಲ್ಲಮ್ಮ" ಎಂದರು. ನಮ್ಮತ್ತೆ ಮಾತ್ರ ಸರಿಯಾಗಿ ಹೇಳಿದರು: "ನೋವು ಹೊಟ್ಟೇದಲ್ಲ ಕಣೇ, ಪುಸ್ತಕದ್ದು."

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರು. ಅತ್ತೆಯೇ ಮುಂದಾಗಿ ಅವರಲ್ಲಿಗೆ ಕರೆದೊಯ್ದರು.

ಐದು ನಿಮಿಷದ ಪರೀಕ್ಷೆ

ಮೇಷ್ಟ್ರು ಪಾಠಪುಸ್ತಕ ಕೇಳಲೇ ಇಲ್ಲ. ಮಗನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಅವನು ಯಾವ ಆಟ ಆಡುತ್ತಾನೆ, ಯಾವ ತಿಂಡಿ ಇಷ್ಟ ಎಂದೆಲ್ಲ ಹರಟೆ ಹೊಡೆದರು. ಆಮೇಲೆ ಒಂದು ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ನಾಲ್ಕು ಸಣ್ಣ ವಾಕ್ಯ ಬರೆದರು. ಒಂದನೇ ತರಗತಿ ಮುಗಿಸಿದ ಮಗು ಓದಬಹುದಾದಂಥವು. "ಪರೀಕ್ಷೆ ಅಲ್ಲಪ್ಪ, ನನ್ನ ಕನ್ನಡಕ ಒಳಗಿದೆ, ಸ್ವಲ್ಪ ಓದಿ ಹೇಳು" ಎಂದರು.

ಓದಿದ. ಮೂರಕ್ಕಿಂತ ಹೆಚ್ಚು ಕಡೆ ತಪ್ಪಿದ, ಪದಪದಕ್ಕೂ ನಿಂತ. ಮೇಷ್ಟ್ರು ತಿದ್ದಲಿಲ್ಲ. ಹಾಳೆ ತಿರುಗಿಸಿ ಐದು ಪದ ಬರೆದರು: ಮನೆ, ಹಸು, ನೀರು, ಕೋಳಿ, ಬಾಳೆ. ಐದರಲ್ಲಿ ನಾಲ್ಕು ಸರಿಯಾಯಿತು. ಅಲ್ಲಿಗೆ ನಿಲ್ಲಿಸಿ ಬೆನ್ನು ತಟ್ಟಿದರು.

ಅವನು ಅಂಗಳಕ್ಕೆ ಹೋದ ಮೇಲೆ ನನ್ನತ್ತ ತಿರುಗಿದರು. "ನಿಮ್ಮ ಮಗ ಪದದ ಮೆಟ್ಟಿಲ ಮೇಲೆ ನಿಂತಿದಾನಮ್ಮ. ಅವನ ಮುಂದಿನ ಮೆಟ್ಟಿಲು ಸಣ್ಣ ವಾಕ್ಯ. ನೀವು ಅದರಾಚೆ ಇನ್ನೂ ಮೂರು ಮೆಟ್ಟಿಲು ಮೇಲೆ ನಿಂತು ಕೈ ಹಿಡಿದು ಎಳೀತಿದೀರಿ. ಕೈ ನೋಯದೆ ಇರುತ್ತಾ?"

ಆ ಮಾತು ಮನಸ್ಸಿಗೆ ನಾಟಿತು.

ಆ ಪರೀಕ್ಷೆ ಅವರ ಸ್ವಂತದ್ದಲ್ಲವಂತೆ. 'ಪ್ರಥಮ್' ಸಂಸ್ಥೆ 2005ರಿಂದ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಅಳೆಯುವ 'ಅಸರ್' ಸಮೀಕ್ಷೆಯಲ್ಲಿ ಬಳಸುವ ಕ್ರಮ ಅದು. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ಸಣ್ಣ ಪಠ್ಯ, ಎರಡನೇ ತರಗತಿಯ ಮಟ್ಟದ ಕಥೆ, ಇಷ್ಟೇ ಮೆಟ್ಟಿಲುಗಳು. ಸಣ್ಣ ಪಠ್ಯದಿಂದ ಶುರು ಮಾಡಬೇಕು. ಸರಾಗವಾಗಿ ಓದಿದರೆ ಕಥೆ ಕೊಡಬೇಕು. ತಡವರಿಸಿದರೆ ಪದ, ಅದೂ ಕಷ್ಟವಾದರೆ ಅಕ್ಷರ. ಮಗು ಎಲ್ಲಿ ನಿಲ್ಲುತ್ತದೋ ಅದೇ ಅದರ ಮೆಟ್ಟಿಲು. ತರಗತಿ ಯಾವುದು, ವಯಸ್ಸೆಷ್ಟು ಎಂದು ಆ ಹಾಳೆ ಕೇಳುವುದಿಲ್ಲ.

ಮಕ್ಕಳನ್ನು ತರಗತಿಯ ಬದಲು ಅವರ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ, ದಿನಕ್ಕೆ ಸ್ವಲ್ಪ ಹೊತ್ತು ಕಲಿಸುವ ಪ್ರಥಮ್‌ನ ವಿಧಾನವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ವರ್ಷಗಟ್ಟಲೆ ಪರೀಕ್ಷಿಸಿ ನೋಡಿ, ಇದರಿಂದ ಮಕ್ಕಳ ಓದು ಸುಧಾರಿಸುತ್ತದೆ ಎಂದು ತೋರಿಸಿದ್ದಾರೆ. ಅವರಿಬ್ಬರಿಗೆ ಮೈಕೆಲ್ ಕ್ರೆಮರ್ ಜೊತೆ 2019ರ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಿಮಗೂ ನೆನಪಿರಬಹುದು.

"ನಮಗಿದು ಹೊಸದೇನಲ್ಲ" ಎಂದು ಮೇಷ್ಟ್ರು ನಕ್ಕರು. ಸರ್ಕಾರಿ ಶಾಲೆಗಳ 'ನಲಿ–ಕಲಿ' ಪದ್ಧತಿ 1995ರಲ್ಲಿ ಶುರುವಾಗಿದ್ದು ಅವರ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದು ರೂಪಿಸಿದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕಾ ಏಣಿ, ಮಗುವಿನ ಕೈಯಲ್ಲಿ ಕಾರ್ಡು. ಒಂದು ಮೆಟ್ಟಿಲು ಮುಗಿಸಿದ ಮಗು ಮುಂದಿನದಕ್ಕೆ ಹೋಗುತ್ತದೆ. ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿದ ಮಗು ತಾನು ಬಿಟ್ಟಲ್ಲಿಂದಲೇ ಮತ್ತೆ ಹತ್ತುತ್ತದೆ. "ಏಣಿಯಲ್ಲಿ ಕೆಳಗಿದ್ದೀನಿ ಅಂತ ಯಾವ ಮಗೂನೂ ಅಳ್ತಿರಲಿಲ್ಲಮ್ಮ. ಅಳೋದು ಅಪ್ಪ ಅಮ್ಮ!"

ಕನ್ನಡದ ಮೆಟ್ಟಿಲುಗಳೇ ಬೇರೆ

ನಾನು ಇನ್ನೊಂದು ಪ್ರಶ್ನೆ ಕೇಳಿದೆ: "ಅಕ್ಷರಗಳೆಲ್ಲ ಬರುತ್ತೆ ಮೇಷ್ಟ್ರೇ. ಅ ಇಂದ ಳ ತನಕ ಹೇಳ್ತಾನೆ. ಮತ್ಯಾಕೆ ಓದೋಕಾಗಲ್ಲ?"

ಅವರು ಲೆಕ್ಕ ಬಿಡಿಸಿ ತೋರಿಸಿದರು. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ ಪುಸ್ತಕದಲ್ಲಿ ಮಗುವಿಗೆ ಎದುರಾಗುವುದು 49 ಅಲ್ಲ. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ರೂಪ. ಅದರ ಮೇಲೆ ಅನುಸ್ವಾರ, ವಿಸರ್ಗ, ಒತ್ತಕ್ಷರ. ವರ್ಣಮಾಲೆ ಒಪ್ಪಿಸಿದ ಮಾತ್ರಕ್ಕೆ ಓದು ಬಂತು ಎನ್ನುವುದು, ರಾಗಿ ಬೀಸಿದ ಮಾತ್ರಕ್ಕೆ ಮುದ್ದೆ ಆಯಿತು ಅಂದ ಹಾಗೆ.

ಕನ್ನಡ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ನಡೆಸಿದ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಇಂಗ್ಲಿಷಿನ 26 ಅಕ್ಷರಗಳಂತೆ ಕನ್ನಡದ ಅಕ್ಷರ ಕಲಿಕೆ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಹಾಗಾಗಿ ಎರಡನೇ, ಮೂರನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನವಲ್ಲ.

ಮಗ ಓದುವಾಗ ತಪ್ಪುಗಳನ್ನು ಬರೆದಿಟ್ಟುಕೊಳ್ಳಲು ಮೇಷ್ಟ್ರು ಹೇಳಿದರು. ಒಂದು ವಾರದ ಪಟ್ಟಿ ನೋಡಿದಾಗ ಎಲ್ಲವೂ ಮೂರೇ ಬಗೆಯವು. ಒಂದು, ಒತ್ತು ಬಿಡುವುದು: ಅಕ್ಕಿ 'ಅಕಿ' ಆಗುತ್ತಿತ್ತು, ಹಳ್ಳಿ 'ಹಳಿ'. ಎರಡು, ಗಿಡ್ಡ–ಉದ್ದದ ಗೊಂದಲ: 'ಕೊಡು' ಮತ್ತು 'ಕೋಡು' ಎರಡೂ ಒಂದೇ. ಮೂರು, ಅರ್ಕಾವತ್ತು. ಮೊದಲು ಉಚ್ಚರಿಸಬೇಕಾದ ಅರ್ಧ 'ರ'ಕಾರದ ಚಿಹ್ನೆ ಮುಂದಿನ ಅಕ್ಷರದ ನಂತರ ಬರುತ್ತದಲ್ಲ, ಅದು ಅವನಿಗೆ ಒಗಟಾಗಿತ್ತು. 'ಓದೋಕೇ ಬರಲ್ಲ' ಎಂದು ನಾನು ಅಂದುಕೊಂಡಿದ್ದ ಬೆಟ್ಟ ಮೂರು ದಿಬ್ಬಗಳಾಗಿ ಒಡೆಯಿತು.

ಮಟ್ಟ ಇಳಿಸಿ, ಮಾನ ಇಳಿಸಬೇಡಿ

ಖಾಸಗಿ ತರಬೇತಿ ಬಿಡಿಸಿ, ಸರಳ ಪುಸ್ತಕಗಳನ್ನು ತಂದೆ. ಕಷ್ಟ ಶುರುವಾಗಿದ್ದು ಆಗಲೇ. ಪುಸ್ತಕ ನೋಡಿದವನೇ ದೂರ ತಳ್ಳಿದ. "ಇದು ಚಿಕ್ಕ ಮಕ್ಕಳ ಪುಸ್ತಕ. ನಾನು ನಾಲ್ಕನೇ ಕ್ಲಾಸು." ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನ ಕಿವಿಯೆಲ್ಲ ಕೆಂಪಾಗಿತ್ತು.

ಮತ್ತೆ ಮೇಷ್ಟ್ರ ಬಳಿ ಓಡಿದೆ. ಅವರು ಹೇಳಿದ್ದು ಒಂದೇ ಮಾತು: "ಮಟ್ಟ ಇಳಿಸಬೇಕಮ್ಮ, ಮಾನ ಇಳಿಸಬಾರದು." ಮರುದಿನ ಅವರೇ ಮನೆಗೆ ಬಂದು ಮಗನಿಗೆ ಕೆಲಸವೊಂದನ್ನು ಒಪ್ಪಿಸಿದರು. ಅವರ ಮೊಮ್ಮಗಳು ಯುಕೆಜಿ. ಅವಳಿಗೆ ವಾರಕ್ಕೆ ಎರಡು ದಿನ ಕಥೆ ಓದಿ ಹೇಳುವ ಅಣ್ಣ ಬೇಕಾಗಿದ್ದಾನೆ. "ಕಥೆ ಚೆನ್ನಾಗಿರಬೇಕು ಅಂದ್ರೆ ಮೊದಲೇ ಎರಡು ಮೂರು ಸಲ ಓದಿಕೊಂಡು ಬರಬೇಕು. ಆಗುತ್ತಾ?"

ಆಯಿತು! ಸರಳ ಪುಸ್ತಕ ಹಿಡಿಯುವುದು ಈಗ ಅವಮಾನವಲ್ಲ, ಜವಾಬ್ದಾರಿ. ಒಂದೇ ಪುಸ್ತಕವನ್ನು ಮೂರು ಬಾರಿ ಓದಲು ನಾನು ಗೋಗರೆಯಬೇಕಿರಲಿಲ್ಲ. ಹುಲಿ ಬಂದಾಗ ದನಿ ದಪ್ಪ, ಇಲಿ ಬಂದಾಗ ಸಣ್ಣ ಮಾಡಿ ಓದುವ ಅಭ್ಯಾಸ ಅಡುಗೆಮನೆಗೂ ಕೇಳಿಸುತ್ತಿತ್ತು.

ಇನ್ನೊಂದು ಉಪಾಯವನ್ನು ನಾನೇ ಕಂಡುಕೊಂಡೆ. ಓದಿನ ಮಟ್ಟ ಕೆಳಗಿದ್ದರೂ ಮಗುವಿನ ಬುದ್ಧಿಯ ಮಟ್ಟ ಕೆಳಗಿರುವುದಿಲ್ಲವಲ್ಲ. ಅವನಿಗೆ ಇಷ್ಟವಾದ ಕ್ರಿಕೆಟ್, ಹಾವು, ರೈಲಿನ ಬಗ್ಗೆ ನಾನೇ ನಾಲ್ಕೈದು ವಾಕ್ಯ ಬರೆದುಕೊಡುತ್ತಿದ್ದೆ. ಪದಗಳು ಎರಡನೇ ತರಗತಿಯವು, ವಿಷಯ ನಾಲ್ಕನೇ ತರಗತಿಯದು. ಕೆಲವೊಮ್ಮೆ ಅವನೇ ಹೇಳಿದ್ದನ್ನು ಬರೆದು ಅವನಿಗೇ ಓದಲು ಕೊಟ್ಟೆ. ತಾನೇ ಹೇಳಿದ ಮಾತು ಕಾಗದದ ಮೇಲೆ ಕಂಡಾಗ ಅವನ ಮುಖ ನೋಡಬೇಕಿತ್ತು.

ದೊಡ್ಡ ಕಥೆಗಳನ್ನು ಕಸಿದುಕೊಳ್ಳಲೂ ಇಲ್ಲ. ರಾತ್ರಿ ಅವನ ವಯಸ್ಸಿಗೆ ತಕ್ಕ ಪುಸ್ತಕವನ್ನು ಇವರು ಜೋರಾಗಿ ಓದುತ್ತಿದ್ದರು, ಮಕ್ಕಳಿಬ್ಬರೂ ಕೇಳುತ್ತಿದ್ದರು. ಕಣ್ಣಿಗೆ ಸುಲಭದ ಪುಸ್ತಕ, ಕಿವಿಗೆ ದೊಡ್ಡ ಪುಸ್ತಕ. ಎರಡೂ ಜೊತೆಗೆ ಸಾಗಿದರೆ ಶಬ್ದ ಸಂಪತ್ತು ಹಿಂದೆ ಬೀಳುವುದಿಲ್ಲ.

ಪುಸ್ತಕ ಸರಿಹೊಂದುತ್ತದೆಯೇ?

ಪುಸ್ತಕ ಆರಿಸಲು ಮೇಷ್ಟ್ರು ಕೊಟ್ಟ ಅಳತೆಗೋಲು ಸುಲಭವಾದದ್ದು. ಪುಸ್ತಕದ ನಡುವಿನಿಂದ ಸುಮಾರು 50 ಪದಗಳ ಭಾಗ ಆರಿಸಿ. ಮಗು ಜೋರಾಗಿ ಓದಲಿ. ನೀವು ತಿದ್ದದೆ, ತಪ್ಪಿದ ಅಥವಾ ಓದಲಾಗದೆ ಬಿಟ್ಟ ಪದಕ್ಕೊಂದು ಗೆರೆ ಹಾಕುತ್ತಾ ಹೋಗಿ.

* 2ರವರೆಗೆ ತಪ್ಪು: ಈ ಪುಸ್ತಕವನ್ನು ಮಗು ತಾನೊಬ್ಬನೇ ಓದಬಲ್ಲದು. ಒಂಟಿಯಾಗಿ ಓದುವ ಖುಷಿಗೆ ಇದು ಸರಿ.
* 3ರಿಂದ 5 ತಪ್ಪು: ನೀವು ಪಕ್ಕದಲ್ಲಿ ಕುಳಿತು ಓದಿಸಲು ಸರಿಯಾದ ಪುಸ್ತಕ. ಕಲಿಕೆ ನಡೆಯುವುದು ಇಲ್ಲೇ.
* 5ಕ್ಕಿಂತ ಹೆಚ್ಚು: ಸದ್ಯಕ್ಕೆ ಎತ್ತಿಡಿ. ಅಥವಾ ನೀವೇ ಓದಿ ಹೇಳಿ.

ಓದಿದ ಮೇಲೆ ಪುಸ್ತಕ ಮುಚ್ಚಿ, "ಏನಾಯ್ತು ಹೇಳು" ಎಂದು ಕೇಳಿ. ತಪ್ಪಿಲ್ಲದೆ ಓದಿಯೂ ಕಥೆ ಹೇಳಲಾಗದಿದ್ದರೆ ಮಗು ಅಕ್ಷರಗಳ ಜೊತೆ ಗುದ್ದಾಡುವುದರಲ್ಲೇ ದಣಿದಿದೆ ಎಂದರ್ಥ. ಆಗಲೂ ಒಂದು ಮೆಟ್ಟಿಲು ಇಳಿಯಿರಿ.

ಮಟ್ಟ ನಮೂದಿಸಿದ ಕನ್ನಡ ಪುಸ್ತಕಗಳು ಈಗ ಸಿಗುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ತನ್ನ ಕಥೆಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ 250 ಪದಗಳೊಳಗಿನ, ಪದಗಳು ಮರುಕಳಿಸುವ ಕಥೆಗಳು, ಎರಡನೆಯದರಲ್ಲಿ ಸುಮಾರು 600 ಪದಗಳವರೆಗೆ, ಮೂರನೆಯದರಲ್ಲಿ 1500ರವರೆಗೆ, ನಾಲ್ಕನೆಯದರಲ್ಲಿ ಅದಕ್ಕೂ ದೊಡ್ಡವು. 2015ರಲ್ಲಿ ಶುರುವಾದ ಅವರ 'ಸ್ಟೋರಿವೀವರ್' ತಾಣದಲ್ಲಿ ಕನ್ನಡ ಕಥೆಗಳನ್ನು ದುಡ್ಡು ಕೊಡದೆ ಓದಬಹುದು, ಇಳಿಸಿಕೊಳ್ಳಬಹುದು. ಆದರೆ ರಕ್ಷಾಪುಟದ ಅಂಕಿಯನ್ನು ಮಾತ್ರ ನಂಬಬೇಡಿ. ಒಂದನೇ ಹಂತದ ಪುಸ್ತಕದಲ್ಲೂ ಒತ್ತಕ್ಷರಗಳಿರಬಹುದು. ನಿಮ್ಮ ಮಗುವಿಗೆ ಯಾವುದು ಕಷ್ಟ ಎಂಬುದು ನಿಮ್ಮ ತಪ್ಪುಗಳ ಪಟ್ಟಿಯಲ್ಲಿದೆ. ಪುಟ ತಿರುವಿ ನೋಡಿಯೇ ಆರಿಸಿ.

ತರಬೇತಿಗೆ ಸೇರಿಸುವುದಾದರೂ ಮೂರು ಪ್ರಶ್ನೆ ಕೇಳಿ. ಸೇರಿಸಿಕೊಳ್ಳುವ ಮುನ್ನ ಮಗುವನ್ನು ಓದಿಸಿ ನೋಡುತ್ತೀರಾ? ಮಟ್ಟ ನಿರ್ಧರಿಸುವುದು ತರಗತಿಯಿಂದಲೋ ಓದಿನಿಂದಲೋ? ಸರಿಹೊಂದದಿದ್ದರೆ ನಡುವೆ ಬದಲಿಸಬಹುದೇ? ನಾಲ್ಕನೆಯ ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಬೇಕಾದದ್ದು: ಈ ಮಟ್ಟ ಮಗುವಿಗಾಗಿಯೋ, ನನ್ನ ಮರ್ಯಾದೆಗಾಗಿಯೋ? ನಾನು ಅಂದು ಕೇಳಿಕೊಳ್ಳದೇ ಹೋದದ್ದು ಇದನ್ನೇ.

ದಿನಕ್ಕೆ ಇಪ್ಪತ್ತು ನಿಮಿಷ

ನಮ್ಮ ಮನೆಯ ಕ್ರಮ ಹೀಗಿತ್ತು. ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ. ಮೊದಲ ಐದು ನಿಮಿಷ ನಿನ್ನೆ ಓದಿದ್ದನ್ನೇ ಮತ್ತೆ. ಮುಂದಿನ ಐದು ನಿಮಿಷ ಒಂದೇ ಒಂದು ಕಷ್ಟದ ಅಭ್ಯಾಸ: ಆ ವಾರ ಸಜಾತೀಯ ಒತ್ತಾದರೆ ಅಕ್ಕ, ಅಪ್ಪ, ಬೆಲ್ಲ, ಹಣ್ಣು, ಅಷ್ಟೇ. ಉಳಿದ ಹತ್ತು ನಿಮಿಷ ಹೊಸ ಪುಟ. ತಪ್ಪಿದಾಗ ಐದು ಎಣಿಸುವವರೆಗೆ ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಕಲಿಯಬೇಕಾಯಿತು. ಬಹಳ ಸಲ ಅವನೇ ತಿದ್ದಿಕೊಳ್ಳುತ್ತಿದ್ದ. ಇಪ್ಪತ್ತು ನಿಮಿಷವಾದರೆ ಕಥೆ ನಡುವಿದ್ದರೂ ನಿಲ್ಲಿಸುತ್ತಿದ್ದೆ. "ಇನ್ನೊಂದು ಪುಟ ಅಮ್ಮಾ" ಎಂದು ಅವನು ಮೊದಲ ಸಲ ಕೇಳಿದ್ದು ಎರಡನೇ ತಿಂಗಳಲ್ಲಿ.

ಶಾಲೆಯ ಟೀಚರ್ ಬಳಿಯೂ ಮಾತಾಡಿದೆ. ಕೆಲವು ತಿಂಗಳು ಅವನನ್ನು ಎಲ್ಲರೆದುರು ಏಕಾಏಕಿ ಎಬ್ಬಿಸಿ ಓದಿಸಬೇಡಿ, ಓದಿಸುವುದಾದರೆ ಯಾವ ಭಾಗ ಎಂದು ಹಿಂದಿನ ದಿನವೇ ತಿಳಿಸಿ ಎಂದು ಕೇಳಿಕೊಂಡೆ. ಸಂತೋಷದಿಂದ ಒಪ್ಪಿದರು.

ಎಲ್ಲ ಮಕ್ಕಳ ಕಥೆಯೂ ಇಷ್ಟೇ ಎಂದು ಹೇಳಲಾರೆ. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ನಾವೂ ಮಾಡಿಸಿದೆವು. ಸರಿಯಾದ ಮಟ್ಟದಲ್ಲಿ ಕೆಲವು ತಿಂಗಳು ತಪ್ಪದೆ ಓದಿಸಿದರೂ ಮಗು ಅಲ್ಲೇ ನಿಂತಿದ್ದರೆ, ನಿನ್ನೆ ಓದಿದ ಪದವೇ ಇಂದು ಹೊಸದಾಗಿ ಕಂಡರೆ, ಕುಟುಂಬದಲ್ಲಿ ಇನ್ನೂ ಕೆಲವರಿಗೆ ಇಂಥದೇ ತೊಂದರೆಯಿದ್ದರೆ, ತಜ್ಞರಿಗೆ ತೋರಿಸುವುದು ಒಳ್ಳೆಯದು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಇರಬಹುದು. ಅದು ಬುದ್ಧಿಯ ಕೊರತೆಯಲ್ಲ, ಕಲಿಸುವ ಬಗೆ ಬೇರೆಯಾಗಬೇಕು ಅಷ್ಟೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆಗೆ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಿದೆ. ಹೆಸರಿಗೆ ಹೆದರಿ ವರ್ಷ ಕಳೆಯಬೇಡಿ.

ನನ್ನ ಮಗ ಈಗಲೂ ತರಗತಿಯ ಮೊದಲಿಗನಲ್ಲ. ಆ ವರ್ಷದ ದಸರಾ ಹೊತ್ತಿಗೆ ಸಣ್ಣ ಪಠ್ಯವನ್ನು ಸರಾಗವಾಗಿ ಓದಿದ. ಬೇಸಿಗೆ ರಜೆಗೆ ಎರಡನೇ ಹಂತದ ಕಥೆಗಳು ಅವನಿಗೆ ಸಲೀಸಾದವು. 'ವಾತ್ಸಲ್ಯ', 'ಸ್ವಾತಂತ್ರ್ಯ'ದಂಥ ಪದಗಳೆದುರು ಇಂದಿಗೂ ನಿಂತು ಉಸಿರೆಳೆದುಕೊಳ್ಳುತ್ತಾನೆ. ಆದರೆ ಸಂಜೆಯ ಹೊಟ್ಟೆನೋವು ಮತ್ತೆ ಬಂದಿಲ್ಲ. ಬಾಯಿಪಾಠದ ನಾಟಕವೂ ಇಲ್ಲ. ಬಾರದ ಪದ ಬಂದರೆ, "ಅಮ್ಮ, ಇದೇನು?" ಎಂದು ಕೇಳುತ್ತಾನೆ.

ಮೊನ್ನೆ ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗಿದ್ದೆವು. ಅಲ್ಲಿ ರೈಲಿನ ಚಿತ್ರವಿದ್ದ ದಪ್ಪ ಪುಸ್ತಕವೊಂದು ಅವನ ಕಣ್ಣಿಗೆ ಬಿತ್ತು. ನೆಲದ ಮೇಲೆ ಕುಳಿತು ನಡುವಿನ ಪುಟ ತೆರೆದು ಮೆಲ್ಲನೆ ಓದಿಕೊಂಡ. ಒಂದೊಂದೇ ಬೆರಳು ಮಡಚುತ್ತಿದ್ದ. ಎಡಗೈ ಮುಗಿದು ಬಲಗೈಗೆ ಬಂದಾಗ ಪುಸ್ತಕ ಮುಚ್ಚಿದ. ನನ್ನೆದೆ ಒಂದು ಕ್ಷಣ ಹೊಡೆದುಕೊಂಡಿತು.

ಅವನು ಮಾತ್ರ ಆರಾಮಾಗಿ ಎದ್ದು ಅದನ್ನು ಇದ್ದಲ್ಲೇ ಇಟ್ಟು, ಪಕ್ಕದ ಸಾಲಿನಿಂದ ತೆಳ್ಳನೆಯ ಇನ್ನೊಂದು ಪುಸ್ತಕ ತೆಗೆದುಕೊಂಡ. "ಇದು ಈಗ ಓದ್ತೀನಿ ಅಮ್ಮ. ರೈಲಿಂದು ಈ ವರ್ಷದ ಕೊನೇಲಿ ತಗೋತೀನಿ" ಎಂದ.

ತಂಗಿ ಪಕ್ಕದಲ್ಲೇ ಇದ್ದಳು. ಅವನ ಕಿವಿ ಕೆಂಪಾಗಲಿಲ್ಲ.